ಡೇಟಾಬೇಸ್ ಅಟ್ಯಾಚ್ ಮಾಡುವಾಗ ಬರುವ 5120 ದೋಷ: ಕೊರತೆ ಯಾರ ಅನುಮತಿಯದು ಎಂದು ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಂದ ಎಂಡಿಎಫ್ (ದತ್ತಾಂಶವಿರುವ) ಮತ್ತು ಎಲ್‌ಡಿಎಫ್ (ಬದಲಾವಣೆಗಳ ದಾಖಲೆ, ಅಂದರೆ ಲಾಗ್ ಇರುವ) ಫೈಲ್‌ಗಳನ್ನು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಪ್ರೋಗ್ರಾಮಿಗೆ ಅಟ್ಯಾಚ್ ಮಾಡಲು, ಅಂದರೆ ಜೋಡಿಸಲು ಹೋದಾಗ, ಫೈಲ್ ಕಣ್ಣೆದುರಿಗೇ ಇದ್ದರೂ ಅದನ್ನು ತೆರೆಯಲಾಗುತ್ತಿಲ್ಲ ಎಂಬ ಸಂದೇಶ ಬರುವುದುಂಟು. ದೋಷದ ಸಂಖ್ಯೆ 5120. ಅದರ ಕೊನೆಯಲ್ಲಿ ‘ಆಪರೇಟಿಂಗ್ ಸಿಸ್ಟಂ ಎರರ್ 5: ಆಕ್ಸೆಸ್ ಈಸ್ ಡಿನೈಡ್’ ಎಂದಿರುತ್ತದೆ. ಇದಕ್ಕೆ ಅಂತರಜಾಲದಲ್ಲಿ ಸುಲಭವಾಗಿ ಸಿಗುವ ಸಲಹೆ ಒಂದೇ: ಫೈಲಿನ ಮೇಲೆ ‘ಎವ್ರಿವನ್’ ಎಂಬ ಗುಂಪಿಗೆ ಪೂರ್ಣ ಅಧಿಕಾರ ಕೊಟ್ಟುಬಿಡಿ. ಹಾಗೆ ಮಾಡಿದರೆ ಅನೇಕ ವೇಳೆ ಕೆಲಸ ಆಗುತ್ತದೆ. ಆದರೆ ಗ್ರಾಹಕರ ವಿವರವೋ ಸಂಬಳದ ಲೆಕ್ಕವೋ ಇರುವ ಫೈಲನ್ನು ಆ ಯಂತ್ರಕ್ಕೆ ಲಾಗಿನ್ ಆಗಬಲ್ಲ ಯಾರು ಬೇಕಾದರೂ ಓದಬಹುದು, ಅಳಿಸಬಹುದು ಎಂಬ ಸ್ಥಿತಿ ಅಲ್ಲಿಗೆ ಉಳಿದುಬಿಡುತ್ತದೆ. ಮೂಲ ಕಾರಣ ತಿಳಿಯದ್ದರಿಂದ ಮುಂದಿನ ಸಲ ಇದೇ ತೊಂದರೆ ಮತ್ತೆ ಎದುರಾಗುತ್ತದೆ. ಅನುಮತಿ ಇದೆಯೇ ಇಲ್ಲವೇ ಎಂದು ನೋಡುವುದಕ್ಕಿಂತ ಮೊದಲು, ಸರ್ವರ್ ಆ ಫೈಲನ್ನು ಯಾರ ಹೆಸರಿನಲ್ಲಿ ತೆರೆಯುತ್ತಿದೆ ಎಂದು ಕೇಳಿಕೊಳ್ಳಬೇಕು. ಇಲ್ಲಿ ಹೇಳುವ ಕ್ರಮವೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಯಾವ ಬದಲಾವಣೆಗೂ ಕೈಹಾಕುವ ಮೊದಲು ಎರಡೂ ಫೈಲ್‌ಗಳ ಒಂದೊಂದು ನಕಲು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಹಳೆಯ ಆವೃತ್ತಿಯ ಡೇಟಾಬೇಸನ್ನು ಹೊಸ ಆವೃತ್ತಿಯ ಸರ್ವರಿಗೆ ಅಟ್ಯಾಚ್ ಮಾಡಿದ ಕ್ಷಣವೇ ಅದರ ಒಳರಚನೆ ಹೊಸ ಆವೃತ್ತಿಗೆ ಏರುತ್ತದೆ, ಮತ್ತು ಅದನ್ನು ಮರಳಿ ಹಳೆಯ ಸರ್ವರಿಗೆ ಅಟ್ಯಾಚ್ ಮಾಡಲು ಆಗುವುದಿಲ್ಲ. ಹೀಗಾಗಿ ಪ್ರತಿ ತೆಗೆದಿಡುವುದು ಐಚ್ಛಿಕವಲ್ಲ. ಫೈಲ್ ಗುರುತಿಲ್ಲದವರಿಂದ ಬಂದದ್ದಾದರೆ ಅದನ್ನು ಕೆಲಸದ ಸರ್ವರಿಗೆ ನೇರವಾಗಿ ಸೇರಿಸಲೇಬೇಡಿ. ಅಂಥ ಡೇಟಾಬೇಸಿನೊಳಗೆ ಹಾನಿಕಾರಕ ಕೋಡ್ ಅಡಗಿರಬಹುದಾದ್ದರಿಂದ ಮೊದಲು ಪರೀಕ್ಷೆಗೆಂದೇ ಇಟ್ಟ ಸರ್ವರಿನಲ್ಲಿ ಅಟ್ಯಾಚ್ ಮಾಡಿ, ಡೇಟಾಬೇಸ್ ಕೆಟ್ಟಿಲ್ಲವೇ ಎಂದು ಪರಿಶೀಲಿಸುವ ಡಿಬಿಸಿಸಿ ಚೆಕ್‌ಡಿಬಿ ಆದೇಶವನ್ನು ಓಡಿಸಿ, ಒಳಗಿರುವ ಪ್ರೊಸೀಜರ್‌ಗಳನ್ನೂ ಟ್ರಿಗರ್‌ಗಳನ್ನೂ ಒಮ್ಮೆ ಓದಿ ನೋಡಬೇಕು.

ಸಂದೇಶವನ್ನು ಕೊನೆಯವರೆಗೆ ಓದುವುದು

ಸರ್ವರನ್ನು ನಿರ್ವಹಿಸಲು ಬಳಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಪ್ರೋಗ್ರಾಮಿನ ಅಟ್ಯಾಚ್ ಕಿಟಕಿಯಲ್ಲಿ ದೋಷ ಬಂದಾಗ ಮೊದಲು ಕಾಣುವುದು ಒಂದು ಚಿಕ್ಕ ಸೂಚನೆ ಮಾತ್ರ. ಆ ಸಾಲಿನ ‘ಮೆಸೇಜ್’ ಅಂಕಣದಲ್ಲಿರುವ ಕೊಂಡಿಯನ್ನು ಒತ್ತಿದರೆ ಪೂರ್ತಿ ಪಠ್ಯ ತೆರೆದುಕೊಳ್ಳುತ್ತದೆ. ಅದರಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ಎಸ್‌ಕ್ಯೂಎಲ್ ಸರ್ವರಿನ ದೋಷಸಂಖ್ಯೆ, ಆಪರೇಟಿಂಗ್ ಸಿಸ್ಟಂನ ದೋಷಸಂಖ್ಯೆ, ಮತ್ತು ಸಂದೇಶದಲ್ಲಿ ಹೆಸರಿಸಿರುವ ಫೈಲಿನ ಪೂರ್ಣ ದಾರಿ. ಮೂರನೆಯದನ್ನು ಬಹಳ ಮಂದಿ ಓದುವುದೇ ಇಲ್ಲ. ಎಂಡಿಎಫ್ ಫೈಲಿಗೆ ಅನುಮತಿ ಕೊಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತಿರುವಾಗ, ಸರ್ವರ್ ದೂರುತ್ತಿರುವುದು ಎಲ್‌ಡಿಎಫ್ ಫೈಲಿನ ಬಗ್ಗೆ ಆಗಿರಬಹುದು.

ಆಪರೇಟಿಂಗ್ ಸಿಸ್ಟಂನ ಸಂಖ್ಯೆ 5 ಆಗಿದ್ದರೆ ಮಾತ್ರ ಇದು ಅನುಮತಿಯ ವಿಷಯ. ಸಂಖ್ಯೆ 32 ಎಂದಿದ್ದರೆ ಬೇರೊಂದು ಪ್ರೋಗ್ರಾಂ ಫೈಲನ್ನು ಹಿಡಿದುಕೊಂಡಿದೆ ಎಂದರ್ಥ; ಅದೇ ಯಂತ್ರದಲ್ಲಿರುವ ಇನ್ನೊಂದು ಇನ್‌ಸ್ಟನ್ಸಿಗೆ (ಪ್ರತ್ಯೇಕವಾಗಿ ಓಡುವ ಇನ್ನೊಂದು ಎಸ್‌ಕ್ಯೂಎಲ್ ಸರ್ವರಿಗೆ) ಅದು ಈಗಾಗಲೇ ಅಟ್ಯಾಚ್ ಆಗಿರಬಹುದು, ಆಂಟಿವೈರಸ್ ಅದನ್ನು ತಪಾಸಣೆ ಮಾಡುತ್ತಿರಬಹುದು, ಅಥವಾ ಒನ್‌ಡ್ರೈವ್‌ನಂಥ ಸಿಂಕ್ ಪ್ರೋಗ್ರಾಂ ಮೇಲಕ್ಕೆ ಕಳಿಸುತ್ತಿರಬಹುದು. ವಿಂಡೋಸಿನ ರಿಸೋರ್ಸ್ ಮಾನಿಟರಿನಲ್ಲಿ ಸಿಪಿಯು ಪುಟದ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಭಾಗದಲ್ಲಿ ಫೈಲಿನ ಹೆಸರು ಹುಡುಕಿದರೆ ಹಿಡಿದಿರುವವರು ಯಾರೆಂದು ತಿಳಿಯುತ್ತದೆ. ಸಂಖ್ಯೆ 2 ಎಂದರೆ ಫೈಲ್ ಇಲ್ಲ, 3 ಎಂದರೆ ದಾರಿಯೇ ಇಲ್ಲ. ಸರ್ವರ್ ಬೇರೆ ಯಂತ್ರದಲ್ಲಿದ್ದಾಗ ನಿಮ್ಮ ಲ್ಯಾಪ್‌ಟಾಪಿನ ಡಿ ಡ್ರೈವಿನ ದಾರಿಯನ್ನು ಕೊಟ್ಟರೆ ಆಗುವುದು ಇದೇ, ಏಕೆಂದರೆ ದಾರಿಯನ್ನು ಹುಡುಕುವುದು ಸರ್ವರ್ ಇರುವ ಯಂತ್ರದಲ್ಲಿ. ನಿಮ್ಮ ಲಾಗಿನ್ನಿನಲ್ಲಿ ಮ್ಯಾಪ್ ಮಾಡಿಕೊಂಡ ನೆಟ್‌ವರ್ಕ್ ಡ್ರೈವಿನ ಅಕ್ಷರವೂ ಹಿನ್ನೆಲೆಯಲ್ಲಿ ಓಡುವ ಸರ್ವರ್ ಪ್ರೋಗ್ರಾಮಿಗೆ ಕಾಣುವುದಿಲ್ಲ.

ಎಸ್‌ಕ್ಯೂಎಲ್ ಸರ್ವರಿನ ಸಂಖ್ಯೆಗಳಲ್ಲಿ 5123 ಕೂಡ 5120ರ ಹತ್ತಿರದ ನೆಂಟ. ಫೈಲನ್ನು ತೆರೆಯುವಾಗಲೋ ಹೊಸದಾಗಿ ಸೃಷ್ಟಿಸುವಾಗಲೋ ತಡೆ ಬಂದಿದೆ ಎಂದು ಅದು ಹೇಳುತ್ತದೆ, ಮತ್ತು ಪರಿಹಾರ ಒಂದೇ. 5133 ಫೋಲ್ಡರಿನ ಮಟ್ಟದಲ್ಲೇ ಹುಡುಕಾಟ ಸೋತಿದೆ ಎನ್ನುತ್ತದೆ. 1802 ಮತ್ತು 1813 ಬೇರೆ ದೋಷದ ಹಿಂದೆ ಬಾಲದಂತೆ ಬರುವ ಸಂದೇಶಗಳಾದ್ದರಿಂದ ಅವುಗಳ ಬೆನ್ನುಹತ್ತುವ ಅಗತ್ಯವಿಲ್ಲ. 262 ಬಂದರೆ ವಿಷಯ ಫೈಲಿನದ್ದಲ್ಲ: ನೀವು ಬಳಸುತ್ತಿರುವ ಲಾಗಿನ್ನಿಗೆ ಡೇಟಾಬೇಸ್ ಸೃಷ್ಟಿಸುವ ಹಕ್ಕೇ ಸರ್ವರಿನೊಳಗೆ ಇಲ್ಲ. 948 ಬಂದರೆ ಡೇಟಾಬೇಸ್ ನಿಮ್ಮ ಸರ್ವರಿಗಿಂತ ಹೊಸ ಆವೃತ್ತಿಯದು. ಸಂದೇಶದಲ್ಲಿ ಕಾಣುವ ಒಳ ಆವೃತ್ತಿ ಸಂಖ್ಯೆಗಳಲ್ಲಿ 706 ಎಂಬುದು 2012ರ ಸರ್ವರಿನದು, 782 2014ರದು, 852 2016ರದು, 869 2017ರದು, 904 2019ರದು. ಇದಕ್ಕೆ ಯಾವ ಅನುಮತಿಯೂ ಮದ್ದಲ್ಲ. ಸರ್ವರನ್ನೇ ಮೇಲ್ದರ್ಜೆಗೆ ಏರಿಸಬೇಕು, ಇಲ್ಲವೇ ಮೂಲ ಸರ್ವರಿನಲ್ಲಿ ದತ್ತಾಂಶವನ್ನು ಸ್ಕ್ರಿಪ್ಟ್ ರೂಪದಲ್ಲಿ ಹೊರತೆಗೆಸಿಕೊಳ್ಳಬೇಕು.

ಫೈಲನ್ನು ತೆರೆಯುವವರು ಯಾರು

ಈ ಭಾಗವನ್ನು ಅವಸರವಿಲ್ಲದೆ ಓದಬೇಕೆಂದು ನನ್ನ ಕೋರಿಕೆ, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಅಟ್ಯಾಚ್ ಕೆಲಸದಲ್ಲಿ ಭಾಗವಹಿಸುವ ಖಾತೆಗಳು ಒಂದಲ್ಲ. ಎಕ್ಸ್‌ಪ್ಲೋರರಿನಲ್ಲಿ ಫೈಲನ್ನು ನೋಡುತ್ತಿರುವುದು ನಿಮ್ಮ ವಿಂಡೋಸ್ ಖಾತೆ. ಆದರೆ ಡೇಟಾಬೇಸನ್ನು ನಡೆಸುವ ಪ್ರೋಗ್ರಾಂ ಹಿನ್ನೆಲೆಯಲ್ಲಿ ಒಂದು ಸರ್ವಿಸ್ ಆಗಿ, ತನ್ನದೇ ಆದ ಬೇರೆ ಖಾತೆಯ ಹೆಸರಿನಲ್ಲಿ ಓಡುತ್ತಿರುತ್ತದೆ. ಯಜಮಾನನ ಸೊಂಟದಲ್ಲಿ ಉಗ್ರಾಣದ ಬೀಗದಕೈ ಇದ್ದ ಮಾತ್ರಕ್ಕೆ ಅವನು ಕಳಿಸಿದ ಆಳಿಗೆ ಬಾಗಿಲು ತೆರೆಯುವುದಿಲ್ಲವಷ್ಟೆ. ನಿಮ್ಮ ಡೆಸ್ಕ್‌ಟಾಪಿನ ಮೇಲಿರುವ ಫೈಲ್ ನಿಮಗೆ ಧಾರಾಳವಾಗಿ ತೆರೆದುಕೊಂಡರೂ ಸರ್ವಿಸಿನ ಖಾತೆಗೆ ತೆರೆಯದಿರುವುದು ಹೀಗೆಯೇ. ಬಳಕೆದಾರನ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳಿಗೆ ವಿಂಡೋಸ್ ಸಹಜವಾಗಿ ಕೊಟ್ಟಿರುವ ಅನುಮತಿ ಆ ಬಳಕೆದಾರನಿಗೆ, ಸಿಸ್ಟಂ ಖಾತೆಗೆ ಮತ್ತು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಮಾತ್ರ. ಎಸ್‌ಕ್ಯೂಎಲ್ ಸರ್ವಿಸಿನ ಖಾತೆ ಆ ಪಟ್ಟಿಯಲ್ಲಿ ಇರುವುದಿಲ್ಲ.

ಇದಿಷ್ಟೇ ಆಗಿದ್ದರೆ ವಿಷಯ ಸರಳವಾಗಿರುತ್ತಿತ್ತು. ವಿಂಡೋಸ್ ಲಾಗಿನ್ನಿನ ಮೂಲಕ ಸರ್ವರಿಗೆ ಸಂಪರ್ಕಗೊಂಡು ಅಟ್ಯಾಚ್ ಆದೇಶ ಕೊಟ್ಟಾಗ, ಸರ್ವರ್ ಆ ಫೈಲನ್ನು ಮೊದಲು ಮುಟ್ಟುವುದು ನಿಮ್ಮ ಖಾತೆಯ ವೇಷ ಧರಿಸಿಕೊಂಡು. ನಿಮಗೆ ಓದಲು ಹಕ್ಕಿಲ್ಲದ ಫೈಲನ್ನು ಸರ್ವರಿನ ಬೆನ್ನಿಗೆ ನಿಂತು ನೀವು ತೆರೆಸಬಾರದು ಎಂಬುದು ಇದರ ಉದ್ದೇಶ. ಈ ವ್ಯವಸ್ಥೆಗೆ ಇಂಪರ್ಸೊನೇಷನ್ ಎಂದು ಹೆಸರು. ಆಮೇಲೆ ಡೇಟಾಬೇಸನ್ನು ದಿನನಿತ್ಯ ನಡೆಸಬೇಕಾದದ್ದು ಸರ್ವಿಸಿನ ಖಾತೆಯೇ. ಹಾಗಾಗಿ ವಿಂಡೋಸ್ ಲಾಗಿನ್ನಿನಲ್ಲಿ ಅಟ್ಯಾಚ್ ಮಾಡುವವರ ಮಟ್ಟಿಗೆ ನಿಮ್ಮ ಖಾತೆ ಮತ್ತು ಸರ್ವಿಸಿನ ಖಾತೆ ಎರಡಕ್ಕೂ ಫೈಲಿನ ಮೇಲೆ ಅಧಿಕಾರವಿದ್ದರೆ ತಕರಾರಿಲ್ಲ. ಅದೇ ‘ಎಸ್‌ಎ’ (ಎಸ್‌ಕ್ಯೂಎಲ್ ಸರ್ವರಿನ ಸ್ವಂತ ಮುಖ್ಯ ನಿರ್ವಾಹಕ ಲಾಗಿನ್) ರೀತಿಯ, ಸರ್ವರಿನೊಳಗೆ ಮಾತ್ರ ಇರುವ ಲಾಗಿನ್ನಿನಲ್ಲಿ ಬಂದರೆ ವೇಷ ಹಾಕಲು ವಿಂಡೋಸ್ ಖಾತೆಯೇ ಇಲ್ಲದ್ದರಿಂದ ಸರ್ವಿಸಿನ ಖಾತೆಯೊಂದನ್ನೇ ಪರಿಗಣಿಸಲಾಗುತ್ತದೆ.

ಈ ವ್ಯತ್ಯಾಸ ಒಂದು ಒಳ್ಳೆಯ ಪರೀಕ್ಷೆಯನ್ನು ನಮಗೆ ಒದಗಿಸುತ್ತದೆ. ವಿಂಡೋಸ್ ಲಾಗಿನ್ನಿನಲ್ಲಿ ಸೋತ ಅಟ್ಯಾಚ್ ಎಸ್‌ಎ ಲಾಗಿನ್ನಿನಲ್ಲಿ ಗೆದ್ದರೆ ಕೊರತೆಯಿರುವುದು ನಿಮ್ಮ ಖಾತೆಯಲ್ಲಿ. ಎರಡರಲ್ಲೂ ಸೋತರೆ ಸರ್ವಿಸಿನ ಖಾತೆಗೆ ಅನುಮತಿ ಇಲ್ಲವೆಂದು ಧೈರ್ಯವಾಗಿ ಹೇಳಬಹುದು.

ಡಿಟ್ಯಾಚ್ ಮಾಡುವಾಗಲೂ, ಅಂದರೆ ಫೈಲ್‌ಗಳನ್ನು ಉಳಿಸಿ ಡೇಟಾಬೇಸನ್ನು ಸರ್ವರಿನಿಂದ ಬಿಡಿಸುವಾಗಲೂ, ಇದೇ ತರ್ಕ ನಡೆಯುತ್ತದೆ, ಮತ್ತು ಅಲ್ಲಿಯೇ ಅನೇಕ ತೊಂದರೆಗಳ ಬೀಜವಿದೆ. ವಿಂಡೋಸ್ ಲಾಗಿನ್ನಿನಲ್ಲಿ ಡಿಟ್ಯಾಚ್ ಮಾಡಿದರೆ ಸರ್ವರ್ ಆ ಫೈಲ್‌ಗಳ ಅನುಮತಿ ಪಟ್ಟಿಯನ್ನೇ ಬದಲಿಸಿ, ಡಿಟ್ಯಾಚ್ ಮಾಡಿದ ವ್ಯಕ್ತಿಯ ಖಾತೆಗೆ ಅಧಿಕಾರ ಒಪ್ಪಿಸಿಬಿಡುತ್ತದೆ. ಸರ್ವರಿನೊಳಗಿನ ಲಾಗಿನ್ನಿನಲ್ಲಿ ಡಿಟ್ಯಾಚ್ ಮಾಡಿದರೆ ಅಧಿಕಾರ ಸಿಗುವುದು ಸರ್ವಿಸಿನ ಖಾತೆಗೆ ಮತ್ತು ಆ ಯಂತ್ರದ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ. ಕಚೇರಿಯಲ್ಲಿ ಒಬ್ಬರು ಡಿಟ್ಯಾಚ್ ಮಾಡಿ ಹೋದ ಡೇಟಾಬೇಸನ್ನು ಮರುದಿನ ಅದೇ ಯಂತ್ರದಲ್ಲಿ, ಅದೇ ಫೋಲ್ಡರಿನಿಂದ ಇನ್ನೊಬ್ಬರು ಅಟ್ಯಾಚ್ ಮಾಡಲಾಗದೆ ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಇದು. ಫೈಲ್ ಅಲುಗಿಲ್ಲ, ಅದರ ಒಡೆಯ ಬದಲಾಗಿದ್ದಾನೆ.

ಸರ್ವಿಸಿನ ಖಾತೆಯ ಹೆಸರನ್ನು ತಿಳಿಯುವುದು

ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರನ್ನು ತೆರೆದು, ಎಡಭಾಗದಲ್ಲಿ ‘ಎಸ್‌ಕ್ಯೂಎಲ್ ಸರ್ವರ್ ಸರ್ವಿಸಸ್’ ಆಯ್ದುಕೊಂಡರೆ ಬಲಗಡೆಯ ‘ಲಾಗ್ ಆನ್ ಆ್ಯಸ್’ ಅಂಕಣದಲ್ಲಿ ಖಾತೆಯ ಹೆಸರು ಇರುತ್ತದೆ. ಸರ್ವರಿಗೆ ಸಂಪರ್ಕ ಇದ್ದೇ ಇದೆಯಾದ್ದರಿಂದ, ‘ಡಿಎಂ ಸರ್ವರ್ ಸರ್ವಿಸಸ್’ ಎಂಬ ಸಿಸ್ಟಂ ವ್ಯೂನಿಂದ ‘ಸರ್ವಿಸ್ ಅಕೌಂಟ್’ ಅಂಕಣವನ್ನು ಸೆಲೆಕ್ಟ್ ಮಾಡಿಯೂ ನೋಡಬಹುದು. ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಹಲವು ಇನ್‌ಸ್ಟನ್ಸುಗಳಿರುವ ಯಂತ್ರದಲ್ಲಿ ತಪ್ಪು ಸಾಲನ್ನು ಓದುವ ಸಂಭವ ಇದರಲ್ಲಿಲ್ಲ.

2012ರ ಆವೃತ್ತಿಯಿಂದ ಈಚೆಗೆ ಸಾಮಾನ್ಯವಾಗಿ ಸಿಗುವುದು ವರ್ಚುವಲ್ ಖಾತೆ, ಅಂದರೆ ಆ ಸರ್ವಿಸಿಗೆಂದೇ ವಿಂಡೋಸ್ ತಾನೇ ನಿರ್ವಹಿಸುವ ಖಾತೆ. ಹೆಸರು ‘ಎನ್‌ಟಿ ಸರ್ವಿಸ್’ ಎಂದು ಆರಂಭವಾಗಿ, ಹಿಂದಕ್ಕೆ ವಾಲಿದ ಗೆರೆಯ ನಂತರ ಸರ್ವಿಸಿನ ಹೆಸರನ್ನು ಹೊಂದಿರುತ್ತದೆ. ಡೀಫಾಲ್ಟ್ ಇನ್‌ಸ್ಟನ್ಸಿಗೆ ಅದು ‘ಎಂಎಸ್‌ಎಸ್‌ಕ್ಯೂಎಲ್‌ಸರ್ವರ್’. ಹೆಸರಿಟ್ಟ ಇನ್‌ಸ್ಟನ್ಸಿಗೆ ‘ಎಂಎಸ್‌ಎಸ್‌ಕ್ಯೂಎಲ್’ ಎಂಬುದರ ಮುಂದೆ ಡಾಲರ್ ಚಿಹ್ನೆ, ಅದರ ಮುಂದೆ ಇನ್‌ಸ್ಟನ್ಸಿನ ಹೆಸರು. ಎಕ್ಸ್‌ಪ್ರೆಸ್ ಆವೃತ್ತಿ ಹಾಕಿಕೊಂಡವರಲ್ಲಿ ಸಾಮಾನ್ಯವಾಗಿ ಡಾಲರ್ ಚಿಹ್ನೆಯ ಮುಂದೆ ‘ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್’ ಎಂದಿರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಇದರ ಬದಲು ಡೊಮೇನಿನ (ಇಡೀ ಸಂಸ್ಥೆಯ ಜಾಲದ) ಖಾತೆಯೊಂದನ್ನು ಕೂರಿಸಿರುವುದುಂಟು. ಆಗಲೂ ಅನುಮತಿಯನ್ನು ಎನ್‌ಟಿ ಸರ್ವಿಸ್ ಎಂಬ ಹೆಸರಿಗೇ ಕೊಡುವುದು ಜಾಣತನ: ಸರ್ವಿಸಿಗೆ ಪ್ರತ್ಯೇಕವಾಗಿ ಇರುವ ಆ ಗುರುತು ಖಾತೆ ಬದಲಾದರೂ ಬದಲಾಗದ್ದರಿಂದ, ನಾಳೆ ಡೊಮೇನ್ ಖಾತೆಯನ್ನು ಬದಲಿಸಿದರೂ ಫೈಲ್‌ಗಳ ಅನುಮತಿಯನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಫೈಲನ್ನು ಇರಬೇಕಾದ ಕಡೆ ಇಡುವುದು

ಅನುಮತಿ ಪಟ್ಟಿಯನ್ನು ತಿದ್ದುವ ಮೊದಲು ಫೈಲನ್ನು ಸರ್ವರಿನ ಸ್ವಂತ ಡೇಟಾ ಫೋಲ್ಡರಿಗೆ ಕಾಪಿ ಮಾಡಿ ನೋಡಿ. ಅನುಸ್ಥಾಪನೆಯ ಸಮಯದಲ್ಲೇ ಆ ಫೋಲ್ಡರಿನ ಮೇಲೆ ಸರ್ವಿಸಿಗೆ ಪೂರ್ಣ ಅಧಿಕಾರ ಸಿಕ್ಕಿರುತ್ತದೆ. ದಾರಿ ನೆನಪಿಲ್ಲದಿದ್ದರೆ ‘ಸರ್ವರ್‌ಪ್ರಾಪರ್ಟಿ’ ಎಂಬ ಫಂಕ್ಷನ್ನಿಗೆ ‘ಇನ್‌ಸ್ಟನ್ಸ್ ಡೀಫಾಲ್ಟ್ ಡೇಟಾ ಪಾತ್’ ಎಂಬ ಹೆಸರನ್ನು ಪದಗಳ ನಡುವೆ ಜಾಗ ಬಿಡದೆ ಕೊಟ್ಟು ಕೇಳಬಹುದು. ಸಾಮಾನ್ಯವಾಗಿ ಅದು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ಫೋಲ್ಡರಿನಡಿ, ಆವೃತ್ತಿ ಸಂಖ್ಯೆಯುಳ್ಳ ಉಪಫೋಲ್ಡರಿನಲ್ಲಿರುತ್ತದೆ. ಆ ಸಂಖ್ಯೆ 15 ಆದರೆ 2019, 16 ಆದರೆ 2022.

ಇಲ್ಲಿ ಕಾಪಿ ಎಂದದ್ದನ್ನು ಗಮನಿಸಿ. ಎನ್‌ಟಿಎಫ್‌ಎಸ್ ಡ್ರೈವಿನಲ್ಲಿ ಕಾಪಿ ಮಾಡಿದಾಗ ಹುಟ್ಟುವ ಹೊಸ ಫೈಲ್ ತಾನು ಸೇರಿದ ಫೋಲ್ಡರಿನ ಅನುಮತಿಗಳನ್ನು ಆನುವಂಶಿಕವಾಗಿ ಪಡೆಯುತ್ತದೆ. ಅದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದರೆ, ಫೈಲಿನ ಮೇಲೆಯೇ ನೇರವಾಗಿ ಬರೆದಿದ್ದ ಹಳೆಯ ಅನುಮತಿಗಳು ಫೈಲಿನ ಜೊತೆಗೇ ಬರುತ್ತವೆ. ಡಿಟ್ಯಾಚ್ ಆದ ಫೈಲಿನ ವಿಷಯದಲ್ಲಿ ಈ ವ್ಯತ್ಯಾಸ ನಿರ್ಣಾಯಕ. ‘ಡೇಟಾ ಫೋಲ್ಡರಿನಲ್ಲೇ ಇಟ್ಟಿದ್ದೇನೆ, ಆದರೂ ಆಗುತ್ತಿಲ್ಲ’ ಎನ್ನುವವರಲ್ಲಿ ಹಲವರು ಮೂವ್ ಮಾಡಿದವರು. ಕಾಪಿ ಮಾಡಲು ಹೊರಟಾಗ ಎಕ್ಸ್‌ಪ್ಲೋರರ್ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದರೆ ಕೊಡಿ. ಅದೂ ಆಗದಿದ್ದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯೂರಿಟಿ, ಅಲ್ಲಿಂದ ಅಡ್ವಾನ್ಸ್‌ಡ್ ಕಿಟಕಿಗೆ ಹೋಗಿ ಮೊದಲು ಒಡೆತನವನ್ನು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಬದಲಿಸಿಕೊಳ್ಳಬೇಕಾಗುತ್ತದೆ.

ಅಭ್ಯಾಸಕ್ಕೆಂದು ಇಳಿಸಿಕೊಂಡ ಮಾದರಿ ಡೇಟಾಬೇಸಿನವರಿಗೆ ಈ ಒಂದು ಹೆಜ್ಜೆಯಲ್ಲೇ ಕೆಲಸ ಮುಗಿಯಬೇಕು. ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಫೈಲನ್ನು ಉಳಿಸಿಕೊಂಡು ಅದಕ್ಕೆ ಅನುಮತಿ ಸೇರಿಸುವುದು ತಾಂತ್ರಿಕವಾಗಿ ಸಾಧ್ಯವಿದ್ದರೂ ನಾನು ಸಲಹೆ ಮಾಡುವುದಿಲ್ಲ. ಡಿಸ್ಕ್ ತುಂಬಿದ ದಿನ ಮೊದಲು ಖಾಲಿ ಮಾಡುವುದು ಆ ಫೋಲ್ಡರನ್ನೇ.

ಅನುಮತಿ ಕೊಡುವ ಕ್ರಮ

ಡೇಟಾಬೇಸ್ ದೊಡ್ಡದಿದ್ದು ಬೇರೆ ಡ್ರೈವಿನಲ್ಲೇ ಇರಬೇಕಾದಾಗ ಅನುಮತಿಯನ್ನು ಕೈಯಾರೆ ಕೊಡಬೇಕು. ಅದಕ್ಕೆಂದೇ ಒಂದು ಫೋಲ್ಡರ್ ಮಾಡಿ, ಅನುಮತಿಯನ್ನು ಆ ಫೋಲ್ಡರಿಗೇ ಕೊಡುವುದು ಉತ್ತಮ. ಆಗ ಮುಂದೆ ಅಲ್ಲಿ ಕಾಪಿಯಾಗುವ ಫೈಲ್‌ಗಳಿಗೂ ಅದು ಹರಿಯುತ್ತದೆ, ಲಾಗ್ ಫೈಲನ್ನು ಹೊಸದಾಗಿ ಸೃಷ್ಟಿಸಬೇಕಾಗಿ ಬಂದರೆ ಅದಕ್ಕೂ ತಡೆಯಿರುವುದಿಲ್ಲ.

ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಎಡಿಟ್, ಆ್ಯಡ್ ಎಂದು ಮುಂದುವರಿಯಿರಿ. ಈಗ ತೆರೆಯುವ ಪುಟ್ಟ ಕಿಟಕಿಯಲ್ಲಿ ‘ಲೊಕೇಷನ್ಸ್’ ಗುಂಡಿಯನ್ನು ಒತ್ತಿ ನಿಮ್ಮ ಕಂಪ್ಯೂಟರಿನ ಹೆಸರನ್ನೇ ಆಯ್ದುಕೊಳ್ಳಬೇಕು. ಡೊಮೇನಿಗೆ ಸೇರಿದ ಯಂತ್ರದಲ್ಲಿ ಹುಡುಕಾಟ ಡೊಮೇನಿನಲ್ಲಿ ನಡೆಯುವುದರಿಂದ ಈ ಹೆಜ್ಜೆ ತಪ್ಪಿದರೆ ಖಾತೆ ಸಿಗುವುದಿಲ್ಲ. ವರ್ಚುವಲ್ ಖಾತೆಯು ಪಟ್ಟಿಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಹುಡುಕುತ್ತ ಕೂರಬೇಡಿ: ಎನ್‌ಟಿ ಸರ್ವಿಸ್ ಎಂಬುದರಿಂದ ಹಿಡಿದು ಪೂರ್ತಿ ಹೆಸರನ್ನು ನೀವೇ ಟೈಪ್ ಮಾಡಿ ‘ಚೆಕ್ ನೇಮ್ಸ್’ ಒತ್ತಿ. ಹೆಸರು ಸರಿಯಿದ್ದರೆ ಅದು ಚಿಕ್ಕದಾಗಿ, ಅಡಿಗೆರೆಯೊಡನೆ ಮಾರ್ಪಡುತ್ತದೆ. ಆಮೇಲೆ ‘ಫುಲ್ ಕಂಟ್ರೋಲ್’ ಗುರುತು ಹಾಕಿ ಒಪ್ಪಿಗೆ ಕೊಡಿ. ಓದುವ ಅನುಮತಿ ಮಾತ್ರ ಸಾಕು ಎಂದುಕೊಳ್ಳುವುದು ತಪ್ಪು. ಡೇಟಾಬೇಸ್ ಎಂದರೆ ಸದಾ ಬರೆಯುತ್ತಲೇ ಇರುವ ಫೈಲ್, ಮೇಲಾಗಿ ಸರ್ವರ್ ತಾನೇ ಅದರ ಅನುಮತಿ ಪಟ್ಟಿಯನ್ನು ಬದಲಿಸುವ ಸಂದರ್ಭಗಳೂ ಇವೆ. ಕೊನೆಗೆ ಒಳಗಿರುವ ಎರಡೂ ಫೈಲ್‌ಗಳ ಸೆಕ್ಯೂರಿಟಿ ಪುಟವನ್ನು ಪ್ರತ್ಯೇಕವಾಗಿ ತೆರೆದು, ಈ ಖಾತೆ ಅಲ್ಲಿಯೂ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಡಿಟ್ಯಾಚ್ ಆದ ಫೈಲಿನಲ್ಲಿ ಆನುವಂಶಿಕತೆ ಕಡಿದುಹೋಗಿರಬಹುದು. ಹಾಗಿದ್ದರೆ ಅಡ್ವಾನ್ಸ್‌ಡ್ ಕಿಟಕಿಯಲ್ಲಿ ‘ಎನೇಬಲ್ ಇನ್‌ಹೆರಿಟೆನ್ಸ್’ ಒತ್ತಬೇಕು.

ಹಲವಾರು ಫೈಲ್‌ಗಳಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಐಸಿಎಸಿಎಲ್‌ಎಸ್ ಎಂಬ ಆರಕ್ಷರದ ಆದೇಶ ಅನುಕೂಲ. ಫೋಲ್ಡರಿನ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಅದರ ಮುಂದೆ ಓರೆಗೆರೆಯೊಡನೆ ‘ಗ್ರ್ಯಾಂಟ್’, ಬಳಿಕ ಖಾತೆಯ ಹೆಸರು, ಒಂದು ವಿವರಣ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಆವರಣಗಳಲ್ಲಿ ಓಐ, ಸಿಐ ಮತ್ತು ಎಫ್ ಎಂಬ ಸಂಕೇತಗಳನ್ನು ಬರೆಯಬೇಕು. ಮೊದಲೆರಡು ಸಂಕೇತಗಳು ಅನುಮತಿಯನ್ನು ಒಳಗಿನ ಫೈಲ್‌ಗಳಿಗೂ ಉಪಫೋಲ್ಡರುಗಳಿಗೂ ಹರಿಸುತ್ತವೆ, ಮೂರನೆಯದು ಪೂರ್ಣ ಅಧಿಕಾರ. ಇದನ್ನೇ ಪವರ್‌ಶೆಲ್‌ನಲ್ಲಿ ಬರೆಯುವವರು ಒಂದು ಎಚ್ಚರ ವಹಿಸಬೇಕು: ಹೆಸರಿಟ್ಟ ಇನ್‌ಸ್ಟನ್ಸಿನ ಖಾತೆಯಲ್ಲಿ ಡಾಲರ್ ಚಿಹ್ನೆ ಇರುವುದರಿಂದ, ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಪವರ್‌ಶೆಲ್ ಆ ಚಿಹ್ನೆಯಿಂದ ಮುಂದಿನದನ್ನು ತನ್ನ ವೇರಿಯಬಲ್ ಎಂದು ಬಗೆದು ತಪ್ಪು ತಿಳಿಯುತ್ತದೆ, ಮತ್ತು ಆದೇಶ ಸೋಲುತ್ತದೆ. ಒಂಟಿ ಉದ್ಧರಣ ಚಿಹ್ನೆ ಬಳಸಿದರೆ ಈ ಕಾಟವಿಲ್ಲ.

ಅನುಮತಿ ಕೊಟ್ಟ ನಂತರ ಸರ್ವಿಸನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವ ಅಗತ್ಯವಿಲ್ಲ. ಫೈಲ್ ತೆರೆಯುವ ಪ್ರತಿ ಸಲವೂ ವಿಂಡೋಸ್ ಪಟ್ಟಿಯನ್ನು ಹೊಸದಾಗಿ ನೋಡುತ್ತದೆ. ಖಾತೆಯನ್ನು ಯಾವುದಾದರೂ ಗುಂಪಿಗೆ ಸೇರಿಸುವ ದಾರಿ ಹಿಡಿದಿದ್ದರೆ ಮಾತ್ರ, ಗುಂಪಿನ ಸದಸ್ಯತ್ವ ಸರ್ವಿಸ್ ಆರಂಭವಾಗುವಾಗ ನಿರ್ಧಾರವಾಗುವುದರಿಂದ, ಮರುಚಾಲನೆ ಬೇಕು.

ಸರ್ವಿಸನ್ನೇ ‘ಲೋಕಲ್ ಸಿಸ್ಟಂ’ ಖಾತೆಗೆ ಬದಲಿಸಿಬಿಡಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಒಂದು ಫೈಲಿನ ಸಲುವಾಗಿ ಡೇಟಾಬೇಸ್ ಪ್ರೋಗ್ರಾಮಿಗೆ ಇಡೀ ಯಂತ್ರದ ಮೇಲೆ ಹಿಡಿತ ಕೊಡುವುದು ಎವ್ರಿವನ್ ಗುಂಪಿಗೆ ಅನುಮತಿ ಕೊಡುವುದಕ್ಕಿಂತಲೂ ಕೆಟ್ಟ ಅಭ್ಯಾಸವೆಂದು ನಾನು ಎಣಿಸುತ್ತೇನೆ.

ಸರ್ವಿಸಿಗೆ ಅನುಮತಿ ಇದ್ದೂ ಸೋತರೆ

ಮೇಲಿನ ಪರೀಕ್ಷೆಯಲ್ಲಿ ಎಸ್‌ಎ ಲಾಗಿನ್ ಗೆದ್ದು ವಿಂಡೋಸ್ ಲಾಗಿನ್ ಸೋತಿತೆಂದಿಟ್ಟುಕೊಳ್ಳೋಣ. ನೀವು ಆ ಯಂತ್ರದ ಅಡ್ಮಿನಿಸ್ಟ್ರೇಟರೇ ಆಗಿದ್ದರೂ ಇದು ಸಂಭವಿಸುತ್ತದೆ. ವಿಂಡೋಸಿನ ಯೂಸರ್ ಅಕೌಂಟ್ ಕಂಟ್ರೋಲ್ ವ್ಯವಸ್ಥೆಯಡಿ, ಸಾಮಾನ್ಯವಾಗಿ ತೆರೆದ ಪ್ರೋಗ್ರಾಮಿಗೆ ನಿಮ್ಮ ಅಡ್ಮಿನಿಸ್ಟ್ರೇಟರ್ ಗುಂಪಿನ ಬಲ ಸಿಗುವುದಿಲ್ಲ. ಫೈಲಿನ ಪಟ್ಟಿಯಲ್ಲಿ ಆ ಗುಂಪಿನ ಹೆಸರು ಮಾತ್ರ ಇದ್ದು ನಿಮ್ಮ ಸ್ವಂತ ಹೆಸರಿಲ್ಲದಿದ್ದರೆ, ನಿಮ್ಮ ವೇಷ ಧರಿಸಿದ ಸರ್ವರಿಗೂ ಬಾಗಿಲು ಮುಚ್ಚಿಯೇ ಇರುತ್ತದೆ. ಸರ್ವರ್ ಅದೇ ಯಂತ್ರದಲ್ಲಿದ್ದಾಗ ಮ್ಯಾನೇಜ್‌ಮೆಂಟ್ ಸ್ಟುಡಿಯೋವನ್ನು ಮುಚ್ಚಿ, ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು ಪ್ರಯತ್ನಿಸಿದರೆ ಸಾಕಾಗುತ್ತದೆ. ಪದೇ ಪದೇ ಮಾಡುವ ಕೆಲಸವಾದರೆ ನಿಮ್ಮ ಖಾತೆಗೇ ಆ ಫೋಲ್ಡರಿನ ಮೇಲೆ ಅನುಮತಿ ಕೊಟ್ಟುಕೊಳ್ಳುವುದು ಮೇಲು.

ಎರಡೂ ಖಾತೆಗಳು ಸರಿಯಿವೆ, ಆದರೂ ದೋಷ 5 ಹೋಗುತ್ತಿಲ್ಲವೆಂದಾದರೆ ಎಕ್ಸ್‌ಪ್ಲೋರರಿನಲ್ಲಿ ಫೈಲಿನ ಮೇಲೆ ಬೀಗದ ಗುರುತಿದೆಯೇ ನೋಡಿ. ವಿಂಡೋಸಿನ ಫೈಲ್ ಎನ್‌ಕ್ರಿಪ್ಷನ್ ಬಳಸಿ ಯಾರಾದರೂ ಅದನ್ನು ಗೂಢೀಕರಿಸಿದ್ದರೆ, ಅದನ್ನು ಬಿಡಿಸುವ ಕೀಲಿ ಸರ್ವಿಸಿನ ಬಳಿ ಇಲ್ಲದ್ದರಿಂದ ಅನುಮತಿ ಎಷ್ಟಿದ್ದರೂ ಪ್ರವೇಶ ಸಿಗುವುದಿಲ್ಲ. ಗೂಢೀಕರಿಸಿದವರೇ ಲಾಗಿನ್ ಆಗಿ ಅದನ್ನು ತೆಗೆಯಬೇಕು. ಜಾಗ ಉಳಿಸಲೆಂದು ಫೋಲ್ಡರನ್ನು ಕಂಪ್ರೆಸ್ ಮಾಡಿದ್ದರೆ ಬರುವ ಸಂಖ್ಯೆ ಬೇರೆ, 5118. ಅಲ್ಲಿ ಕಂಪ್ರೆಷನ್ ಗುರುತನ್ನು ತೆಗೆದರೆ ಆಯಿತು.

ಇಷ್ಟಕ್ಕೂ ಬಗ್ಗದಿದ್ದರೆ ಊಹೆಯನ್ನು ಬಿಟ್ಟು ಮೈಕ್ರೋಸಾಫ್ಟಿನದೇ ಉಚಿತ ಸಾಧನವಾದ ಪ್ರೋಸೆಸ್ ಮಾನಿಟರನ್ನು ಸರ್ವರ್ ಇರುವ ಯಂತ್ರದಲ್ಲಿ ಓಡಿಸಿ. ಪ್ರೋಸೆಸ್ ಹೆಸರು ‘ಎಸ್‌ಕ್ಯೂಎಲ್‌ಎಸ್‌ಇಆರ್‌ವಿಆರ್’ ಎಂದಿರುವ ಸಾಲುಗಳಷ್ಟೇ ಕಾಣುವಂತೆ ಫಿಲ್ಟರ್ ಹಾಕಿ, ಅಟ್ಯಾಚ್ ಮಾಡಿ, ಫಲಿತಾಂಶದ ಅಂಕಣದಲ್ಲಿ ‘ಆಕ್ಸೆಸ್ ಡಿನೈಡ್’ ಎಂದು ಬಂದ ಸಾಲನ್ನು ಹುಡುಕಿ. ಆ ಸಾಲಿನ ಡೀಟೇಲ್ ಅಂಕಣದಲ್ಲಿ ‘ಇಂಪರ್ಸೊನೇಟಿಂಗ್’ ಎಂಬ ಪದದ ಮುಂದೆ ಒಂದು ಖಾತೆಯ ಹೆಸರಿದ್ದರೆ ತಡೆ ಬಿದ್ದಿರುವುದು ಆ ಖಾತೆಗೆ. ಆ ಪದವೇ ಇಲ್ಲದಿದ್ದರೆ ಸರ್ವಿಸಿನ ಖಾತೆಗೆ. ಯಾವ ಫೈಲ್, ಯಾವ ಖಾತೆ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಸಾಲಿನಲ್ಲಿ ಉತ್ತರ ಸಿಗುವ ಕಡೆ ಇದೊಂದೇ. ಹತ್ತು ಜನರ ಹತ್ತು ಸಲಹೆಗಳನ್ನು ಪ್ರಯೋಗಿಸಿ ಸೋತ ಮೇಲೆ ಇಲ್ಲಿಗೆ ಬರುವ ಬದಲು, ಸ್ವಲ್ಪ ಅನುಭವ ಉಳ್ಳವರು ನೇರವಾಗಿ ಇಲ್ಲಿಂದಲೇ ಆರಂಭಿಸಬಹುದು.

ಲಾಗ್ ಫೈಲಿನ ತಕರಾರು ಮತ್ತು ಓದಲಷ್ಟೇ ಬರುವ ಡೇಟಾಬೇಸ್

ಎಂಡಿಎಫ್ ಫೈಲಿನೊಳಗೆ ಅದರ ಲಾಗ್ ಫೈಲ್ ಹಿಂದೆ ಎಲ್ಲಿತ್ತೆಂಬ ದಾರಿ ದಾಖಲಾಗಿರುತ್ತದೆ. ಬೇರೆ ಯಂತ್ರಕ್ಕೆ ತಂದಾಗ ಅಟ್ಯಾಚ್ ಕಿಟಕಿಯ ಕೆಳಭಾಗದಲ್ಲಿ ಆ ಹಳೆಯ ದಾರಿ ತೋರಿ, ಪಕ್ಕದಲ್ಲಿ ‘ನಾಟ್ ಫೌಂಡ್’ ಎಂದು ಕಾಣಬಹುದು. ಅಲ್ಲಿಯೇ ಹೊಸ ದಾರಿಯನ್ನು ಕೊಡಿ. ಎಲ್‌ಡಿಎಫ್ ಫೈಲ್ ಇಲ್ಲವೇ ಇಲ್ಲವೆಂದಾದರೆ ಆ ಸಾಲನ್ನು ತೆಗೆದು ಮುಂದುವರಿದಾಗ ಸರ್ವರ್ ಹೊಸ ಲಾಗನ್ನು ಕಟ್ಟಿಕೊಳ್ಳಲು ಯತ್ನಿಸುತ್ತದೆ. ಡೇಟಾಬೇಸ್ ಮೊದಲು ಸರಿಯಾದ ಕ್ರಮದಲ್ಲಿ ಮುಚ್ಚಿದ್ದರೆ ಮಾತ್ರ ಇದು ಫಲಿಸುತ್ತದೆ. ವಿದ್ಯುತ್ ಹೋಗಿ ನಿಂತ ಯಂತ್ರದಿಂದ ಎಂಡಿಎಫ್ ಒಂದನ್ನೇ ಎತ್ತಿಕೊಂಡು ಬಂದಿದ್ದರೆ ಬ್ಯಾಕಪ್ ಹುಡುಕುವುದೇ ದಾರಿ.

ಅಟ್ಯಾಚ್ ಯಾವ ದೋಷವೂ ಇಲ್ಲದೆ ಮುಗಿದು, ಡೇಟಾಬೇಸಿನ ಹೆಸರಿನ ಪಕ್ಕದಲ್ಲಿ ‘ರೀಡ್ ಓನ್ಲಿ’ ಎಂದು ಕಾಣಿಸುವುದು ಇನ್ನೊಂದು ಪ್ರಸಂಗ. ಬರೆಯಲು ಹೋದರೆ ದೋಷ 3906 ಬರುತ್ತದೆ. ಫೈಲಿನ ಪ್ರಾಪರ್ಟೀಸಿನಲ್ಲಿ ರೀಡ್ ಓನ್ಲಿ ಗುರುತು ಉಳಿದಿರುವುದು, ಅಥವಾ ಖಾತೆಗೆ ಓದುವ ಹಕ್ಕು ಮಾತ್ರ ಇರುವುದು ಇದಕ್ಕೆ ಕಾರಣ. ಹಳೆಯ ಆವೃತ್ತಿಯ ಡೇಟಾಬೇಸಾದರೆ ಇದೇ ಕಾರಣಕ್ಕೆ ಅಟ್ಯಾಚ್ ಆಗುವುದೇ ಇಲ್ಲ, ಏಕೆಂದರೆ ಹೊಸ ಆವೃತ್ತಿಗೆ ಏರಿಸಲು ಸರ್ವರ್ ಅದರೊಳಗೆ ಬರೆಯಲೇಬೇಕು. ಆಗ ಬರುವ ಸಂಖ್ಯೆ 3415. ಗುರುತನ್ನು ತೆಗೆದು, ಅನುಮತಿಯನ್ನು ಸರಿಪಡಿಸಿ, ಅಟ್ಯಾಚ್ ಆಗಿರುವ ಡೇಟಾಬೇಸಿಗೆ ‘ಆಲ್ಟರ್ ಡೇಟಾಬೇಸ್’ ಆದೇಶದಲ್ಲಿ ‘ಸೆಟ್ ರೀಡ್‌ರೈಟ್’ ಎಂದು ಕೊಟ್ಟರೆ (ರೀಡ್, ರೈಟ್ ಎಂಬ ಪದಗಳ ನಡುವೆ ಅಡಿಗೆರೆ ಬೇಕು) ಮಾಮೂಲು ಸ್ಥಿತಿಗೆ ಬರುತ್ತದೆ.

ಮೂಲ ಸರ್ವರ್ ಇನ್ನೂ ಓಡುತ್ತಿದ್ದರೆ ಈ ರಗಳೆಯನ್ನೆಲ್ಲ ತಪ್ಪಿಸಿಕೊಳ್ಳಬಹುದು. ಅಲ್ಲಿ ಬ್ಯಾಕಪ್ ತೆಗೆದು ಇಲ್ಲಿ ರಿಸ್ಟೋರ್ ಮಾಡಿದರೆ ಎಂಡಿಎಫ್, ಎಲ್‌ಡಿಎಫ್ ಫೈಲ್‌ಗಳನ್ನು ಸರ್ವಿಸ್ ತಾನೇ ತನ್ನ ಫೋಲ್ಡರಿನಲ್ಲಿ ಸೃಷ್ಟಿಸುವುದರಿಂದ ಅನುಮತಿಯ ಪ್ರಶ್ನೆ ಏಳುವುದಿಲ್ಲ. ಬ್ಯಾಕಪ್ ಫೈಲನ್ನು ಮಾತ್ರ ಸರ್ವಿಸ್ ಓದಬಲ್ಲ ಜಾಗದಲ್ಲಿ ಇಡಬೇಕು. ಡೆಸ್ಕ್‌ಟಾಪಿನಲ್ಲಿಟ್ಟರೆ ಅದೇ ಆಪರೇಟಿಂಗ್ ಸಿಸ್ಟಂ ದೋಷ 5, ಈ ಸಲ 3201 ಎಂಬ ಸಂಖ್ಯೆಯ ಹಿಂದೆ ಬಂದು ನಿಲ್ಲುತ್ತದೆ.

ಲಿನಕ್ಸ್ ಮತ್ತು ಕಂಟೇನರ್

2017ರ ಆವೃತ್ತಿಯಿಂದ ಎಸ್‌ಕ್ಯೂಎಲ್ ಸರ್ವರ್ ಲಿನಕ್ಸಿನಲ್ಲೂ ಓಡುತ್ತದೆ. ಅಲ್ಲಿ ಲೆಕ್ಕ ಸರಳ: ಸರ್ವಿಸ್ ನಡೆಯುವುದು ‘ಎಂಎಸ್‌ಎಸ್‌ಕ್ಯೂಎಲ್’ ಎಂಬ ಬಳಕೆದಾರನ ಹೆಸರಿನಲ್ಲಿ, ಫೈಲ್‌ಗಳು ಇರುವುದು ವಾರ್, ಆಪ್ಟ್, ಎಂಎಸ್‌ಎಸ್‌ಕ್ಯೂಎಲ್ ಎಂಬ ದಾರಿಯ ಡೇಟಾ ಡೈರೆಕ್ಟರಿಯಲ್ಲಿ. ಸೂಡೋ ಬಳಸಿ ಕಾಪಿ ಮಾಡಿದ ಫೈಲಿನ ಒಡೆಯ ರೂಟ್ (ಲಿನಕ್ಸಿನ ಸರ್ವಾಧಿಕಾರದ ಬಳಕೆದಾರ) ಆಗಿರುವುದರಿಂದಲೇ ದೋಷ 5 ಬರುತ್ತದೆ. ಚೌನ್ ಆದೇಶದಿಂದ ಎರಡೂ ಫೈಲ್‌ಗಳ ಒಡೆತನವನ್ನೂ ಗುಂಪನ್ನೂ ಎಂಎಸ್‌ಎಸ್‌ಕ್ಯೂಎಲ್‌ಗೆ ಬದಲಿಸಿ, ಸಿಎಚ್‌ಮೋಡ್ ಆದೇಶದಿಂದ 660 ಎಂದು ಇಟ್ಟರೆ ಅಟ್ಯಾಚ್ ನಡೆಯುತ್ತದೆ. ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆಯೆಂಬುದನ್ನು ವಿಂಡೋಸಿನಿಂದ ಬಂದವರು ಮರೆಯಬಾರದು. ಅಲ್ಲಿ ತಪ್ಪಿದರೆ ಬರುವ ಸಂಖ್ಯೆ 2.

ಡಾಕರ್ ಕಂಟೇನರಿನಲ್ಲಿ 2019ರ ಆವೃತ್ತಿಯಿಂದ ಸರ್ವರ್ ರೂಟ್ ಆಗಿ ಓಡುವುದನ್ನು ನಿಲ್ಲಿಸಿದ್ದು, ಅದರ ಬಳಕೆದಾರನ ಸಂಖ್ಯೆ 10001. ಹೊರಗಿನ ಯಂತ್ರದ ಡೈರೆಕ್ಟರಿಯನ್ನು ವಾಲ್ಯೂಮ್ ಆಗಿ ಜೋಡಿಸಿದಾಗ ಆ ಯಂತ್ರದಲ್ಲಿ ಎಂಎಸ್‌ಎಸ್‌ಕ್ಯೂಎಲ್ ಎಂಬ ಬಳಕೆದಾರನೇ ಇರದಿರಬಹುದಾದ್ದರಿಂದ, ಹೆಸರಿನ ಬದಲು ಈ ಸಂಖ್ಯೆಯನ್ನೇ ಚೌನ್ ಆದೇಶಕ್ಕೆ ಕೊಡಬೇಕು. 2017ರ ಕಂಟೇನರಿನಲ್ಲಿ ಬಳಸುತ್ತಿದ್ದ ಹಳೆಯ ವಾಲ್ಯೂಮನ್ನು ಹೊಸದಕ್ಕೆ ಜೋಡಿಸುವವರು, ಒಳಗಿರುವ ಫೈಲ್‌ಗಳೆಲ್ಲ ರೂಟ್ ಒಡೆತನದಲ್ಲಿರುವ ಕಾರಣ, ಇಡೀ ಡೈರೆಕ್ಟರಿಗೆ ಈ ಬದಲಾವಣೆ ಮಾಡಿದ ಬಳಿಕವೇ ಕಂಟೇನರನ್ನು ಚಾಲೂ ಮಾಡಬೇಕು.